ಯಾರೂ ಅಲ್ಲಾಡಬೇಡಿ

ಕೊಳ್ಳೇಗಾಲದ ಸ್ಟುಡಿಯೋ ಶಾಂತರಾಜುವಿನ ಹೆಂಡತಿ ರತ್ನ ತೀರಿಕೊಂಡದ್ದು ಒಂದು ಮಂಗಳವಾರ ಬೆಳಗ್ಗೆ, ಹಾಲು ಕಾಯಿಸುವ ಹೊತ್ತಿನಲ್ಲಿ. ಎದೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿದವಳು ಹಾಗೇ ಕುಸಿದಳು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಕೈ ಹಿಡಿದು ನೋಡಿ, ಹೊರಗೆ ಬಂದು ತಲೆ ಆಡಿಸಿದರು.

ಶಾಂತರಾಜು ಅಳಲಿಲ್ಲ. ಮನೆಗೆ ಬಂದು ಗ್ಯಾಸ್ ಆರಿದೆಯೋ ಇಲ್ಲವೋ ನೋಡಿದ. ಪಕ್ಕದ ಮನೆಯವರು ಆರಿಸಿದ್ದರು. ಉಕ್ಕಿ ಚೆಲ್ಲಿದ್ದ ಹಾಲನ್ನು ಬಟ್ಟೆಯಲ್ಲಿ ಒರೆಸಿದ. ಪಾತ್ರೆ ತೊಳೆದು ಬೋರಲು ಹಾಕಿದ. ಅಷ್ಟೂ ಕೆಲಸ ಅವನ ಕೈ ಮಾಡಿತು. ಅವನು ಎಲ್ಲೋ ಹಿಂದೆ ನಿಂತು ಯಾರದೋ ಕೈ ನೋಡಿದ ಹಾಗೆ ನೋಡುತ್ತಿದ್ದ.

ಅವರ ಹುಟ್ಟೂರು ಮುಳ್ಳೂರು. ಮಣ್ಣು ಮಾಡುವುದು ಅಲ್ಲಿನ ಹೊಲದಲ್ಲೇ. ಹನ್ನೊಂದು ಗಂಟೆಯ ಹೊತ್ತಿಗೆಲ್ಲ ರತ್ನಳನ್ನು ಶಾಂತರಾಜುವಿನ ಅಣ್ಣ ಚಿಕ್ಕಮಾದಯ್ಯನ ಮನೆಗೆ ತಂದಾಗಿತ್ತು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅತ್ತಿಗೆ ಪುಟ್ಟಮಾದಮ್ಮ ನಾಲ್ಕು ಜನ ಹೆಂಗಸರನ್ನು ಕಟ್ಟಿಕೊಂಡು ನೀರು ಹುಯ್ದು, ಅರಿಶಿನ ಬಳಿದು, ಹಸಿರು ಸೀರೆ ಉಡಿಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಜಗುಲಿಯ ಗೋಡೆಗೆ ಒರಗಿಸಿ ಕೂರಿಸಿದಳು. ಹಣೆಯ ತುಂಬ ಕುಂಕುಮ, ತಲೆಯ ತುಂಬ ಹೂವು. ಮುಂದೆ ಶಾಮಿಯಾನ ಕಟ್ಟಿದರು. ತಮಟೆಯವರು ಬಂದು ಬೇಲಿಯ ಮಗ್ಗುಲಲ್ಲಿ ಬೆಂಕಿ ಹಾಕಿ ತಮಟೆ ಕಾಯಿಸತೊಡಗಿದರು. ರತ್ನಳ ತವರು ಯಳಂದೂರು. ಅಲ್ಲಿನವರು ಸೀರೆ, ಹೂವು ತಂದು ಹಾಕಿದ ಮೇಲೆ ಎತ್ತುವುದೆಂದು ಮಾತಾಯಿತು.

ಆಗ ಹನೂರಿನಿಂದ ಮಗಳ ಫೋನು ಬಂತು.

ಪದ್ಮಿನಿ ಒಬ್ಬಳೇ ಮಗಳು. ಹನೂರಿನಲ್ಲಿ ಶಾಲೆ ಮೇಷ್ಟ್ರಾಗಿರುವ ರಂಗನಾಥನಿಗೆ ಕೊಟ್ಟು ಆರು ವರ್ಷ. ಎರಡು ಸಲ ಹೊಟ್ಟೆಯಲ್ಲಿ ನಿಂತು, ನಿಲ್ಲದೆ ಹೋಗಿ, ಈಗ ಮೂರನೆಯದಕ್ಕೆ ಏಳು ತಿಂಗಳು. ಹನೂರಿನಿಂದ ಮುಳ್ಳೂರಿಗೆ ಒಂದು ಗಂಟೆಯ ದಾರಿ. ಆದರೆ ಬಸುರಿ ಹೆಣದ ಮುಖ ನೋಡಬಾರದು, ಸಾವಿನ ಮನೆಯ ಹೊಸಿಲು ತುಳಿಯಬಾರದು. ಬಸುರಿಯ ಗಂಡ ಹೆಣಕ್ಕೆ ಹೆಗಲು ಕೊಡಬಾರದು. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಪದ್ಮಿನಿಗೂ ಗೊತ್ತಿತ್ತು. ಎರಡು ಸಲ ಕಳೆದುಕೊಂಡವಳಿಗೆ ಬೇರೆಯವರಿಗಿಂತ ಹೆಚ್ಚಾಗಿಯೇ ಗೊತ್ತಿತ್ತು.

“ಅಪ್ಪ, ನಾನು ಬರಕ್ಕಿಲ್ಲ” ಅಂದಳು. ದನಿ ಒಣಗಿತ್ತು. “ಆದ್ರೆ ಅಮ್ಮನ ಮೊಖ ನೋಡ್ಬೇಕು. ಮಣ್ಗಿಡೋಕ್ ಮುಂಚೆ ಒಂದ್ಸಲ.”

“ಫೋನ್ನಲ್ಲಿ ತೋರುಸ್ತೀನಿ ಮಗ.”

“ಆಗ್ಲೇ ದೊಡ್ಡಮ್ಮ ತೋರ್ಸುದ್ಲು. ಬರೀ ಚೌಕ ಚೌಕ. ಮೂಗ್ಯಾವ್ದು ಬಾಯ್ಯಾವ್ದು ಗೊತ್ತಾಗಲ್ಲ. ಅಂಥ ಮೊಖ ಕಣ್ಣಲ್ಲಿ ಮಡಿಕಂಡು ನಾನೆಂಗಿರ್ಲಿ? ನಿನ್ ಕ್ಯಾಮ್ರದಲ್ಲಿ ತೋರ್ಸು. ಮದ್ವೆ ಮನೇಲಿ ತೋರ್ಸ್ತಿದ್ದಲ್ಲ, ಅಂಗೆ.”

ಅಷ್ಟರಲ್ಲಿ ಅವಳ ಅತ್ತೆ ಚಾಮುಂಡಮ್ಮ ಫೋನು ಇಸಿದುಕೊಂಡಳು. “ಬೀಗ್ರೇ, ಟಿವಿಲಿ ನೋಡುದ್ರೆ ನೋಡ್ದಂಗಲ್ಲ ಅಂತ ನಾನೇ ಏಳಿವ್ನಿ. ಗಾಜು ಅಡ್ಡ ಇರ್ತದಲ್ಲ. ಹೊಟ್ಟೆ ಮೇಲೆ ಬೇವಿನ್ ಸೊಪ್ಪು ಮಡಗಿ ಕೂರುಸ್ತೀನಿ. ಒಂದೇ ಒಂದು ಮಾತು. ದನಿ ಬ್ಯಾಡ. ಅಳೋದು, ತಮಟೆ, ಒಂದೂ ಕೂಸಿನ್ ಕಿವಿಗೆ ಬೀಳ್ಕೂಡ್ದು.”

“ಆಗ್ಲಿ ಕಣವ್ವ” ಅಂದ ಶಾಂತರಾಜು.

ಬೈಕಿನಲ್ಲಿ ಕೊಳ್ಳೇಗಾಲಕ್ಕೆ ಹೋಗಿ ಸ್ಟುಡಿಯೋದ ಬಾಗಿಲು ತೆಗೆದ. ಬೇಕಾದ್ದನ್ನೆಲ್ಲ ಒಂದೊಂದಾಗಿ ಚೀಲಕ್ಕೆ ಹಾಕಿದ. ಮದುವೆ ಮನೆಗೆ ಹೊರಡುವಾಗ ಹೇಗೆ ಹಾಕುತ್ತಿದ್ದನೋ ಹಾಗೇ, ಅದೇ ಸಾಲಿನಲ್ಲಿ. ಚೀಲದ ಜಿಪ್ಪು ಎಳೆದ ಮೇಲೆ ಅಭ್ಯಾಸದಂತೆ ಒಳಗಡೆಗೆ ತಿರುಗಿ “ಬತ್ತೀನಿ ಕಣಮ್ಮಿ” ಅಂದ. ಅಂದು, ಸ್ವಲ್ಪ ಹೊತ್ತು ನಿಂತು, ಬಾಗಿಲು ಎಳೆದುಕೊಂಡ.

ಶಾಂತರಾಜು ಪಟ ತೆಗೆಯುವುದನ್ನು ಕಲಿತದ್ದು ಇಪ್ಪತ್ತರ ವಯಸ್ಸಿನಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ. ತಲೆ ಬೋಳಿಸಿಕೊಂಡು ಬಂದ ಪರಸೆಯವರನ್ನು ಬಣ್ಣದ ಪರದೆಯ ಮುಂದೆ ಸಾಲಾಗಿ ನಿಲ್ಲಿಸಿ, ಕೈ ಎತ್ತಿ, “ಯಾರೂ ಅಲ್ಲಾಡಬೇಡಿ” ಅನ್ನುವುದು. ಅಂದರೆ ಮುಗಿಯಿತು, ಜನ ಉಸಿರು ಕಟ್ಟಿ ನಿಲ್ಲುತ್ತಿದ್ದರು. ಆಮೇಲೆ ಕೊಳ್ಳೇಗಾಲದಲ್ಲಿ ಅಂಗಡಿ ಇಟ್ಟ. ಶಾಲೆ ಮಕ್ಕಳು, ಹೊಸ ಮದುಮಕ್ಕಳು, ಪಿಂಚಣಿಯ ಮುದುಕರು, ಜಗುಲಿಯ ಮೇಲೆ ಕೂರಿಸಿದ ಹೆಣಗಳು, ಎಲ್ಲರಿಗೂ ಅದೇ ಮಾತು. ಹೆಣಕ್ಕೆ ಹೇಳಬೇಕಾಗಿಲ್ಲ, ಅದರ ಅಕ್ಕಪಕ್ಕ ನಿಂತವರಿಗೆ ಹೇಳಬೇಕು. ಮುಳ್ಳೂರಿನ ಸುತ್ತಮುತ್ತ ಗೋಡೆಯ ಮೇಲೆ ತೂಗುವ ಸತ್ತವರ ಪಟಗಳಲ್ಲಿ ಮುಕ್ಕಾಲು ಪಾಲು ಅವನು ತೆಗೆದದ್ದೇ.

ರತ್ನ ಅಂಗಡಿಯ ಹಿಂದೆ ಕೂತು ಪಾಸ್‌ಪೋರ್ಟ್ ಸೈಜಿನ ಪಟಗಳನ್ನು ಕತ್ತರಿಸುತ್ತಿದ್ದಳು. ಎಂಟೂ ಪಟ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದ ಹಾಗೆ. “ಊರ್ನವ್ರನ್ನೆಲ್ಲ ಕಲ್ಲು ಮಾಡಿ ನಿಲ್ಲಿಸ್ಬುಡ್ತೀರಿ ಕಣಿ” ಎಂದು ನಗುತ್ತಿದ್ದಳು.

ಕೊರೊನಾ ಬಂದಾಗ ಆ ಕಲ್ಲು ಮಾಡುವ ಕೆಲಸ ನಿಂತುಹೋಯಿತು. ಮದುವೆಗೆ ಐವತ್ತೇ ಜನ. ಉಳಿದವರಿಗೆ ಮನೆಯಲ್ಲೇ ಕೂತು ನೋಡುವ ಹಾಗೆ ತೋರಿಸಬೇಕು. ಶಾಂತರಾಜುವಿನ ಹತ್ತಿರ ಇದ್ದದ್ದು ಪಟ ತೆಗೆಯುವ ಕ್ಯಾಮೆರಾ. ಅದರಿಂದಲೇ ನೇರ ತೋರಿಸಬಹುದು ಎಂದು ಯಾರೋ ಹೇಳಿದರು. ಒಂದು ತಂತಿ, ಹೆಬ್ಬೆರಳಿನಷ್ಟು ದೊಡ್ಡ ಒಂದು ಡಬ್ಬಿ, ಒಂದು ಲ್ಯಾಪ್‌ಟಾಪು. ವಾರವಿಡೀ ತಿಣುಕಿದ. ಪರೀಕ್ಷೆ ಮಾಡಿ ನೋಡಲು ಕ್ಯಾಮೆರಾದ ಮುಂದೆ ಯಾರಾದರೂ ಬೇಕಲ್ಲ, ರತ್ನಳನ್ನು ಕೂರಿಸಿದ.

“ನಾನ್ ಕೂತ್ಕಂಡು ಏನ್ ಮಾಡ್ಲಿ?” ಅಂದಳು ಅವಳು.

“ಏನಾರ ಮಾಡು. ಸುಮ್ನೆ ಕೂತ್ರೆ ನಡೀತಾ ಅದೋ ನಿಂತೋಗದೋ ನಂಗೆಂಗೆ ಗೊತ್ತಾದ್ದು? ಅಲ್ಲಾಡ್ತಾ ಇರು.”

“ಅಬ್ಬ! ನಿಮ್ ಬಾಯಲ್ಲಿ ಈ ಮಾತು ಕೇಳೋಕೆ ಇಪ್ಪತ್ತೈದು ವರ್ಸ ಬೇಕಾಯ್ತಲ್ಲ” ಎಂದು ಒಳಗಿನಿಂದ ಮೊರ ತಂದು ಅವರೆಕಾಯಿ ಸುಲಿಯುತ್ತ ಕೂತಳು. ಐದು ದಿನ ಅವರೆಕಾಯಿ ಸುಲಿದಳು. ಐದು ದಿನವೂ ಮನೆಯಲ್ಲಿ ಅವರೆಕಾಳಿನ ಸಾರು.

ಮುಳ್ಳೂರಿಗೆ ವಾಪಸು ಬಂದಾಗ ಎರಡು ಗಂಟೆ. ತಮಟೆ ಜೋರಾಗಿತ್ತು. ಹೆಂಗಸರು ರತ್ನಳ ಮುಂದೆ ಕೂತು ಅವಳ ಗುಣಗಳನ್ನು ಹೇಳಿಕೊಂಡು ಅಳುತ್ತಿದ್ದರು. ಶಾಂತರಾಜು ಅವರನ್ನು ದಾಟಿ ಹೋಗಿ ಮೂರುಕಾಲಿನ ಸ್ಟ್ಯಾಂಡ್ ನಿಲ್ಲಿಸಿದ. ಒಂದು ಕಾಲಿನ ಅಡಿಗೆ ಹೆಂಚಿನ ಚೂರು ಇಟ್ಟು ಮಟ್ಟ ಮಾಡಿದ. ಬ್ಯಾಟರಿ ಮಧ್ಯದಲ್ಲಿ ಕೈ ಕೊಡುತ್ತದೆಂದು ಅದನ್ನು ತೆಗೆದು, ಅದರ ಜಾಗಕ್ಕೆ ಕರೆಂಟಿನ ತಂತಿಯಿರುವ ನಕಲಿ ಬ್ಯಾಟರಿ ಹಾಕಿದ. ತಂತಿಯನ್ನು ಕಿಟಕಿಯಿಂದ ಒಳಗೆ ಎಳೆದ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಕ್ಯಾಮೆರಾ ತಾನೇ ಆರಿಹೋಗುತ್ತದೆ. ಪಟ ತೆಗೆಯುವುದಕ್ಕೆಂದು ಮಾಡಿದ ಯಂತ್ರ, ಅದಕ್ಕೆ ಕಾದು ಗೊತ್ತಿಲ್ಲ. ಆರದ ಹಾಗೆ ಮಾಡಿದ. ಜಗುಲಿಯಲ್ಲಿ ನೆರಳಿತ್ತೆಂದು ಟ್ಯೂಬ್‌ಲೈಟ್ ಹಾಕಿಸಿದ. ಅದರ ಬೆಳಕು ಪಟದಲ್ಲಿ ಪಟಪಟ ಹೊಡೆದುಕೊಳ್ಳದ ಹಾಗೆ ಕ್ಯಾಮೆರಾದ ವೇಗದ ಅಂಕಿ ಕೂಡಿಸಿದ.

“ಲೇ ಶಾಂತ” ಎಂದ ಚಿಕ್ಕಮಾದಯ್ಯ, ಹೆಗಲ ಮೇಲಿನ ಟವೆಲು ಕೊಡವುತ್ತ. “ಸತ್ತಿರೋದು ನಿನ್ನೆಡ್ತಿ ಕಣ್ಲಾ. ಮದ್ವೆ ಮನೆಗೆ ಬಂದೋನಂಗೆ ವೈರ್ ಎಳ್ಕಂಡು ಕೂತಿದ್ದೀಯಲ್ಲ. ಅವ್ಳ ಪಕ್ಕ ಒಂದ್ಗಳಿಗೆ ಕೂತ್ಕಬಾರ್ದಾ?”

“ಆಯ್ತು ಕಣಣ್ಣ, ಇದೊಂದು” ಅಂದ ಶಾಂತರಾಜು.

ಬೆಳಗಿನಿಂದ ಅವನು ಅವಳನ್ನು ಮುಟ್ಟಿರಲಿಲ್ಲ. ಆಟೋದಿಂದ ಇಳಿಸುವಾಗ ಹಿಡಿದಿದ್ದ, ಅಷ್ಟೇ. ಆಮೇಲೆ ಮುಟ್ಟುವ ಕೆಲಸವೆಲ್ಲ ಹೆಂಗಸರದಾಯಿತು.

ಕ್ಯಾಮೆರಾವನ್ನು ರತ್ನಳ ಕಡೆ ತಿರುಗಿಸಿದ. ಜಗುಲಿಯ ಮೇಲೆ ಆರೇಳು ಮುಖಗಳಿದ್ದವು. ಮುಖ ಕಂಡರೆ ಅದರ ಸುತ್ತ ಒಂದು ಹಳದಿ ಚೌಕ ಹಾಕುವುದು ಆ ಕ್ಯಾಮೆರಾದ ರೀತಿ. ಅಷ್ಟು ಮುಖಗಳಲ್ಲಿ ಅದು ರತ್ನಳ ಮುಖವನ್ನು ಹುಡುಕಿ ಚೌಕ ಹಾಕಿ ನಿಂತಿತು. ಶಾಂತರಾಜು ಆ ಚೌಕವನ್ನು ನೋಡಿದ. ಆ ಚೌಕ, ಅಂಕಿಗಳು ಎಲ್ಲ ಹನೂರಿನ ಟಿವಿಯಲ್ಲೂ ಕಾಣುತ್ತವೆ, ಅವು ಕಾಣಬಾರದು. ಕ್ಯಾಮೆರಾದ ಮೆನುವಿನೊಳಗೆ ಹೊಕ್ಕು ಒಂದೊಂದನ್ನೇ ಆರಿಸಿದ. ಚೌಕವನ್ನು ಕೊನೆಯಲ್ಲಿ ಆರಿಸಿದ. ಪರದೆಯ ಮೇಲೆ ಬರೀ ರತ್ನ ಉಳಿದಳು, ಸ್ವಚ್ಛವಾಗಿ, ರೆಪ್ಪೆಯ ಒಂದೊಂದು ಕೂದಲೂ ಎಣಿಸುವ ಹಾಗೆ.

ತಂತಿಯನ್ನು ಡಬ್ಬಿಗೆ, ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಸೇರಿಸಿದ. ಚಾಮುಂಡಮ್ಮ ಹೇಳಿದಂತೆ ದನಿಯನ್ನು ಪೂರ್ತಿ ಮುಚ್ಚಿದ. ಲ್ಯಾಪ್‌ಟಾಪಿಗೆ ಇಂಟರ್ನೆಟ್ ಬರಬೇಕಾದದ್ದು ಅವನ ಫೋನಿನಿಂದ; ಅಂಗಳದಲ್ಲಿ ಅದು ಸಿಕ್ಕಲಿಲ್ಲ, ಏಣಿ ಹಾಕಿ ಫೋನನ್ನು ಮನೆಯ ಹೆಂಚಿನ ಮೇಲೆ ಇಟ್ಟು ಬಂದ. ಮಗಳ ಜೊತೆ ಮಾತಿಗೆ ಅಣ್ಣನ ಗುಂಡಿ ಫೋನು ಇಸಿದುಕೊಂಡ.

ಅಷ್ಟರಲ್ಲಿ ಯಳಂದೂರಿನವರೂ ಬಂದು ಸೀರೆ ಹಾಕಿ, ಹೂವು ಹಾಕಿ ಆಗಿತ್ತು. ಕ್ಯಾಮೆರಾದ ಸುದ್ದಿ ಶಾಮಿಯಾನದ ತುಂಬ ಹರಡಿತ್ತು.

“ಹನೂರ್ ತಂಕ ಕಾಣ್ತದಂತೆ ಕಣಕ್ಕ.”

“ನಾವೂವೆ?”

“ನೀನೂವೆ. ಸೆರಗ್ ಸರಿ ಮಾಡ್ಕಮ್ಮಿ, ಬೀಗ್ರು ನೋಡ್ತಾರೆ.”

ಅಳುತ್ತಿದ್ದವರು ಮೂಗು ಒರೆಸಿಕೊಂಡು ಎದ್ದು ರತ್ನಳ ಎರಡೂ ಪಕ್ಕ ಸಾಲಾಗಿ ನಿಂತರು. ಶಾಂತರಾಜು ಕ್ಯಾಮೆರಾದ ಹಿಂದೆ ನಿಂತು ಬಲಗೈ ಮೇಲೆತ್ತಿದ. ಮೂವತ್ತು ವರ್ಷದಿಂದ ಆ ಕೈ ಎತ್ತಿದಾಗ ಬರುವ ಮಾತು ಒಂದೇ. ಅದೇ ಬಂತು.

“ಯಾರೂ ಅಲ್ಲಾಡಬೇಡಿ.”

ತಮಟೆಯವರೂ ನಿಲ್ಲಿಸಿದರು. ಪುಟ್ಟಮಾದಮ್ಮ ಎರಡೂ ಕೈ ತೊಡೆಗೆ ಅಂಟಿಸಿ ಕಣ್ಣರಳಿಸಿ ನಿಂತಳು. ಒಬ್ಬರೂ ಕೆಮ್ಮಲಿಲ್ಲ.

ಗುಂಡಿ ಫೋನಿನಲ್ಲಿ ಮಗಳ ದನಿ. “ಬಂತು ಅಪ್ಪ, ಬಂತು... ಅಮ್ಮ...” ಆಮೇಲೆ, “ಅಪ್ಪ, ಪಟ ನಿಂತೋಗದೆ.”

“ನಿಂತಿಲ್ಲ ಮಗ.”

“ನಿಂತೋಗದೆ. ಯಾರೂ ಮಿಸುಕ್ತಿಲ್ಲ.”

ಶಾಂತರಾಜು ತಂತಿ ಕಿತ್ತು ಊದಿ ಮತ್ತೆ ಸಿಕ್ಕಿಸಿದ. ಬೇರೆ ತಂತಿ ಹಾಕಿದ. ಜನ ಹಾಗೇ ನಿಂತಿದ್ದರು. “ಇನ್ನೂ ನಿಂತೇ ಅದೆ” ಅಂದಳು ಪದ್ಮಿನಿ. ಏಣಿ ಹತ್ತಿ ಫೋನನ್ನು ಹೆಂಚಿನ ಆ ಕೊನೆಯಿಂದ ಈ ಕೊನೆಗೆ ಇಟ್ಟ. ಇಳಿದು ಬಂದು ಲ್ಯಾಪ್‌ಟಾಪನ್ನೇ ಆರಿಸಿ ಮತ್ತೆ ಹಚ್ಚಿದ. ಅದು ಎಚ್ಚರವಾಗಲು ತನ್ನ ಹೊತ್ತು ತೆಗೆದುಕೊಂಡಿತು. ಜನ ಕೈಕಾಲು ಸಡಿಲ ಬಿಟ್ಟರು. ಅವನು ಮತ್ತೆ ಕ್ಯಾಮೆರಾದ ಹಿಂದೆ ಬಂದ ಕೂಡಲೇ, ಹೇಳಿಸಿಕೊಳ್ಳದೆಯೇ, ಮತ್ತೆ ಕಲ್ಲಾದರು.

“ಹೊತ್ತಾಗ್ತಾ ಅದೆ ಕಣ್ಲಾ” ಎಂದ ಚಿಕ್ಕಮಾದಯ್ಯ. “ಹೊತ್ತು ಮುಳುಗೋಕ್ ಮುಂಚೆ ಮಣ್ಣಾಗ್ಬೇಕು. ಇನ್ನು ಹತ್ತೇ ನಿಮಿಷ. ಆಮೇಲೆ ಎತ್ತೋದೆಯ.”

ಫೋನಿನಲ್ಲಿ ಪದ್ಮಿನಿ ಅಳುತ್ತಿದ್ದಳು. “ಬರೀ ಪೋಟಾ ತಗ್ದು ಕಳಿಸ್ಬುಟ್ಟು ಸಮಾಧಾನ ಮಾಡ್ತಿದ್ದೀಯ ಅಪ್ಪ. ನಂಗೊತ್ತಾಗಕ್ಕಿಲ್ವಾ? ಪೋಟಾ ಬುಟ್ರೆ ನಿಂಗಿನ್ನೇನು ಬತ್ತದೆ? ನಂಗೆ ಪೋಟಾ ಬ್ಯಾಡ. ಅಮ್ಮ ಬೇಕು.”

ಶಾಂತರಾಜು ಲ್ಯಾಪ್‌ಟಾಪಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಪರದೆಯ ಮೇಲೆ ಒಂದು ನೊಣ ಕೂತಿತ್ತು, ರತ್ನಳ ಕೆನ್ನೆಯ ಜಾಗದಲ್ಲಿ. ಬೆರಳಿನಿಂದ ಓಡಿಸಿದ. ಹೋಗಲಿಲ್ಲ. ಇನ್ನೊಂದು ಸಲ ಓಡಿಸಿದ. ಬೆರಳಿಗೆ ಬರೀ ಗಾಜು ಸಿಕ್ಕಿತು. ನೊಣ ಅವನ ಬೆರಳಿನ ಅಡಿಯಲ್ಲೇ ನಡೆದು, ಕೆನ್ನೆಯಿಂದ ಮೂಗುತಿಯ ಹತ್ತಿರ ಹೋಗಿ, ಮುಂಗಾಲು ಉಜ್ಜಿಕೊಂಡಿತು.

ಶಾಂತರಾಜು ತಲೆ ಎತ್ತಿ ಜಗುಲಿಯ ಕಡೆ ನೋಡಿದ. ನೊಣ ಅಲ್ಲಿತ್ತು. ಪಟ ನಿಂತಿರಲಿಲ್ಲ. ಮೊದಲಿನಿಂದಲೂ ನಿಂತಿರಲಿಲ್ಲ. ನಿಂತಿದ್ದದ್ದು ಜನ, ಅವನು ನಿಲ್ಲಿಸಿದ ಜನ. ಅವರ ನಡುವೆ ರತ್ನ. ಏನಾದರೂ ಮಾಡುತ್ತಿರು ಎಂದರೆ ಮೊರ ತಂದು ಕೂರುತ್ತಿದ್ದವಳು ಇವತ್ತು ಕೂರಿಸಿದ ಹಾಗೇ ಕೂತಿದ್ದಳು.

ಅವನು ಎದ್ದು ಕ್ಯಾಮೆರಾವನ್ನು ಸುತ್ತಿ ಮುಂದಕ್ಕೆ ಹೋದ. ಕ್ಯಾಮೆರಾದ ಆ ಕಡೆಗೆ ಅವನು ಹೋಗುವುದೇ ಅಪರೂಪ. ಅವನ ಮದುವೆಯ ಪಟ ಬಿಟ್ಟರೆ ಮನೆಯ ಯಾವ ಪಟದಲ್ಲೂ ಅವನಿಲ್ಲ. ಜಗುಲಿ ಹತ್ತಿ, ರತ್ನಳ ಪಕ್ಕ ಮೊಣಕಾಲೂರಿ, ಕೈ ಬೀಸಿ ನೊಣ ಓಡಿಸಿದ. ಅದು ಹಾರಿಹೋಗಿ ಮತ್ತೆ ಬಂತು. ಮತ್ತೆ ಓಡಿಸಿದ. ಕೈಯನ್ನು ಅವಳ ಕೆನ್ನೆಯ ಮೇಲೇ ಇಟ್ಟ. ಕೆನ್ನೆ ತಣ್ಣಗಿತ್ತು. ಅರಿಶಿನ ಒಣಗಿ ಒರಟಾಗಿತ್ತು.

“ನೋಡು ಮಗ” ಎಂದ ಫೋನಿಗೆ. “ನಾನು ಕೈ ಮಡಗಿವ್ನಿ.”

“ಎಲ್ಲಿ? ಏನೂ ಕಾಣ್ತಿಲ್ಲ.”

“ತಡಿ. ಬತ್ತದೆ.”

ಇಲ್ಲಿ ಆದದ್ದು ಅಲ್ಲಿ ಕಾಣಲು ಅರ್ಧ ನಿಮಿಷ ಬೇಕು. ಮದುವೆ ಮನೆಯಲ್ಲಿ ಆ ಅರ್ಧ ನಿಮಿಷವನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಇಲ್ಲಿ ತಾಳಿ ಕಟ್ಟಿ ಆದಮೇಲೆ ಅಲ್ಲಿ ತಾಳಿ ಕಟ್ಟುವುದು ಕಾಣುತ್ತಿತ್ತು, ಅಷ್ಟೇ. ಈಗ ಅವನು ಆ ಅರ್ಧ ನಿಮಿಷ ಕೈ ತೆಗೆಯುವ ಹಾಗಿರಲಿಲ್ಲ. ಕೂಡಿಸಲು ಅಂಕಿ ಇರಲಿಲ್ಲ, ಸಿಕ್ಕಿಸಲು ತಂತಿ ಇರಲಿಲ್ಲ. ಬೆಳಗಿನಿಂದ ಮೊದಲ ಸಲ ಅವನ ಕೈಗೆ ಕೆಲಸವಿರಲಿಲ್ಲ. ಅದು ಸುಮ್ಮನೆ ಅವಳ ಕೆನ್ನೆಯ ಮೇಲಿತ್ತು, ಮತ್ತು ಆ ಕೈ ಅವನದೇ ಆಗಿತ್ತು. ಅಳು ಬರುತ್ತದೇನೋ ಎಂದು ಕಾದ. ಬರಲಿಲ್ಲ. ಅವಳ ಕಿವಿಯ ಹಿಂದೆ ಅರಿಶಿನ ಬಳಿಯುವುದನ್ನು ಮರೆತಿದ್ದಾರೆ ಎಂಬುದಷ್ಟು ಕಣ್ಣಿಗೆ ಬಿತ್ತು.

“ಅಪ್ಪ” ಎಂದಳು ಪದ್ಮಿನಿ. ದನಿ ಬೇರೆಯಾಗಿತ್ತು. “ಬಂದೆ. ನೀನು ಬಂದೆ. ಅಮ್ಮನ್ ಮುಟ್ದೆ.”

“ಕಾಣ್ತಾ ಮಗ? ಮೊಖ ಸರ್ಯಾಗಿ ಕಾಣ್ತಾ?”

“ಕಾಣ್ತು. ಮೂಗ್ಬಟ್ಟು ಹೊಳೀತಾ ಅದೆ.” ಆಮೇಲೆ ಅಂದಳು, “ಎಡಗಡೆ ಕೂದ್ಲು ಹಣೆ ಮೇಲೆ ಬಿದ್ದದೆ ನೋಡು. ಅಮ್ಮನಿಗೆ ಅದು ಆಗ್ತಿರ್ನಿಲ್ಲ. ಹಿಂದಕ್ ಸರ್ಸು.”

ಸರಿಸಿದ. ಕಿವಿಯ ಹಿಂದಕ್ಕೆ ಸಿಕ್ಕಿಸಿದ. ಅಷ್ಟರಲ್ಲಿ ಪುಟ್ಟಮಾದಮ್ಮನಿಗೆ ತಡೆಯಲಾಗಲಿಲ್ಲ. ತೊಡೆಗೆ ಅಂಟಿಸಿದ್ದ ಕೈ ಕಿತ್ತು ಬಾಯಿಗೆ ಸೆರಗು ಒತ್ತಿಕೊಂಡು ಕುಸಿದಳು. ಸಾಲು ಒಡೆಯಿತು. ಹೆಂಗಸರೆಲ್ಲ ಒಮ್ಮೆಗೇ ರತ್ನಳ ಮೇಲೆ ಬಾಗಿದರು. ಬೇಲಿಯ ಹತ್ತಿರ ತಮಟೆ ಮತ್ತೆ ಶುರುವಾಯಿತು. ಹನೂರಿನಲ್ಲಿ ಅದೆಲ್ಲ ದನಿಯಿಲ್ಲದೆ, ಅರ್ಧ ನಿಮಿಷ ತಡವಾಗಿ ಕಂಡಿತು.

ಹತ್ತು ನಿಮಿಷಕ್ಕೆ ಎತ್ತಿದರು. ಶಾಂತರಾಜು ಗುಂಡಿ ಫೋನನ್ನು ಅಣ್ಣನಿಗೆ ಕೊಟ್ಟು, ಹೆಗಲು ಕೊಟ್ಟು ಹೋದ. ಕ್ಯಾಮೆರಾ ಆರಿಸುವುದು ನೆನಪಾಗಲಿಲ್ಲ.

ಹೊಲದಲ್ಲಿ ಮಣ್ಣು ಹಾಕಿ, ಬಾವಿಯ ಹತ್ತಿರ ಮಿಂದು ಬಂದಾಗ ಹೊತ್ತು ಮುಳುಗುತ್ತಿತ್ತು. ಶಾಮಿಯಾನ ಖಾಲಿ. ಪುಟ್ಟಮಾದಮ್ಮ ರತ್ನ ಕೂತಿದ್ದ ಜಾಗವನ್ನು ಸಾರಿಸಿ, ಅಲ್ಲಿ ಹಣತೆ ಹಚ್ಚಿಟ್ಟಿದ್ದಳು. ಕ್ಯಾಮೆರಾ ಇಟ್ಟಲ್ಲೇ ಇತ್ತು, ಆರದೆ. ಶಾಂತರಾಜು ಒದ್ದೆ ಪಂಚೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಬಗ್ಗಿದ. ನೋಡುತ್ತಿರುವವರು ಎಷ್ಟು ಜನ ಎಂದು ಅದರ ಮೂಲೆಯಲ್ಲಿ ಒಂದು ಅಂಕಿ ಬರುತ್ತದೆ. ಒಂದು ಎಂದಿತ್ತು.

ಅಣ್ಣನಿಂದ ಫೋನು ಇಸಿದುಕೊಂಡು ಮಾಡಿದ.

“ಎಲ್ಲಾ ಆಯ್ತು ಮಗ. ಉಂಡ್ಯಾ?”

“ಅತ್ತೆ ಗಂಜಿ ಕೊಟ್ರು. ಕುಡ್ದೆ.”

“ಆರುಸ್ಲಾ?”

“ದೀಪ ಅಲ್ಲಾಡ್ತಾ ಅದೆ ಅಪ್ಪ” ಎಂದಳು. “ಇನ್ನೊಂಚೂರು ಇರ್ಲಿ.”

ಶಾಂತರಾಜು ಜಗುಲಿ ಹತ್ತಿ ಹಣತೆಯ ಪಕ್ಕ, ಗೋಡೆಗೆ ಒರಗಿ ಕೂತ. ಮುಂದೆ ಅಣ್ಣನ ಮನೆಯ ಮೊರ ಬಿದ್ದಿತ್ತು, ಯಾರೋ ಬಿಡಿಸಿ ಉಳಿಸಿದ್ದ ಹೂವು ಅದರಲ್ಲಿ. ಅದನ್ನು ಹತ್ತಿರಕ್ಕೆ ಎಳೆದುಕೊಂಡು, ಒಣಗಿದ ಎಸಳುಗಳನ್ನು ಒಂದೊಂದಾಗಿ ಆರಿಸುತ್ತ, ಕೈ ಆಡಿಸುತ್ತಲೇ ಇದ್ದ.